ಎಂಟನೇ ತಿಂಗಳಿಗೆ ಕಾಯಿಸಿದ ಎಣ್ಣೆ

ಹೆಂಡತಿ ತೀರಿಕೊಂಡ ಎಂಟನೇ ತಿಂಗಳಿಗೆ ನಾನು ಮನೆಯಲ್ಲಿ ಎಣ್ಣೆ ಕಾಯಿಸಿ ಕರ್ಜಿಕಾಯಿ ಕರಿದೆ. ಇದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಕರಿಯುವ ಬಾಣಲೆ ಒಲೆಯ ಮೇಲೆ ಏರುವುದಿಲ್ಲ. ರೊಟ್ಟಿ ಸುಡಬಹುದು, ಅನ್ನ ಮಾಡಬಹುದು, ಒಗ್ಗರಣೆಗೂ ಅಡ್ಡಿಯಿಲ್ಲ. ಕರಿಯುವುದು ಮಾತ್ರ ಇಲ್ಲ. ಹಬ್ಬ ಬಂದರೆ ನೆರೆಯವರು, ನೆಂಟರು ತಮ್ಮ ಮನೆಯಲ್ಲಿ ಕರಿದದ್ದನ್ನು ತಾಟಿನಲ್ಲಿ ಹಾಕಿ ತಂದು ಕೊಡುತ್ತಾರೆ. ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ನನ್ನ ಅಪ್ಪ ತೀರಿಕೊಂಡಾಗ ವರ್ಷ ಪೂರ್ತಿ ಇದನ್ನು ಪಾಲಿಸಿದ್ದೇನೆ. ಈ ಸಲ ಪಾಲಿಸಲಿಲ್ಲ. ತಾಂಡೂರಿನ ನಮ್ಮ ಓಣಿಯಲ್ಲಿ, ಝರಾಸಂಗಂನ ಅಕ್ಕನ ಮನೆಯಲ್ಲಿ, ನಾರಾಯಣಖೇಡದ ಕಡೆಯ ಅತ್ತೆಯ ಊರಲ್ಲಿ ನನ್ನ ಬಗ್ಗೆ ಏನು ಮಾತಾಡುತ್ತಾರೆ ಎಂಬುದು ನನ್ನ ಕಿವಿಗೂ ಬಿದ್ದಿದೆ. ಎದುರು ನಿಂತು ವಾದ ಮಾಡುವ ಬಾಯಿ ನನಗಿಲ್ಲ. ಹತ್ತನೇ ತರಗತಿವರೆಗೆ ಓದಿದ್ದೇನೆ, ಬರೆಯಲು ಅಷ್ಟು ಸಾಕು.

ತಾಂಡೂರಿನ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಹದಿಮೂರು ವರ್ಷದಿಂದ ಜರಡಿ ಯಂತ್ರದ ಮುಂದೆ ನಿಂತವನು ನಾನು. ಒಡೆದ ತೊಗರಿ ಮೇಲಿನಿಂದ ಬರುತ್ತದೆ. ಒಂದು ಬಾಯಿಂದ ಬೇಳೆ, ಇನ್ನೊಂದು ಬಾಯಿಂದ ನುಚ್ಚು, ಮತ್ತೊಂದರಿಂದ ಹೊಟ್ಟು. ದಿನವಿಡೀ ನೋಡಿ ನೋಡಿ ಮನೆಗೆ ಬಂದ ಮೇಲೂ ಕಣ್ಣು ಎಲ್ಲವನ್ನೂ ಹಾಗೇ ಬೇರೆ ಮಾಡುತ್ತಿತ್ತು. ಮಗಳಿಗೆ ನಾಲ್ಕು ತುಂಬಿ, ಬಜಾರಿನಲ್ಲಿ ಕಂಡದ್ದಕ್ಕೆಲ್ಲ ಕೈ ಚಾಚುವ ವಯಸ್ಸಾದಾಗ ನನ್ನ ಬಾಯಿಗೆ ಬಂದದ್ದೂ ಮಿಲ್ಲಿನ ಮಾತೇ. ಏನಾದರೂ ಕೇಳಿದರೆ ಅವಳ ಎದುರು ಕೂತು, ಇದು ಬೇಳೆಯೋ ಹೊಟ್ಟೋ ಹೇಳು, ಎನ್ನುತ್ತಿದ್ದೆ. ಇಲ್ಲದೆ ನಡೆಯುವುದಿಲ್ಲ ಎಂದರೆ ಬೇಳೆ. ಇದ್ದರೆ ಖುಷಿ ಅಷ್ಟೇ ಎಂದರೆ ಹೊಟ್ಟು.

ಅವಳು ಬೇಗ ಕಲಿತಳು. ಚಪ್ಪಲಿ ಬೇಳೆ. ಮಿಂಚುವ ಕೂದಲ ಪಿನ್ನು ಹೊಟ್ಟು. ಪಾಟಿ ಬೇಳೆ, ಬಣ್ಣದ ಪಾಟಿ ಹೊಟ್ಟು. ಬಿಸ್ಕತ್ತಿನ ವಿಷಯದಲ್ಲಿ ಮಾತ್ರ ಅವಳಿಗೂ ನನಗೂ ಜಗಳ ಬೀಳುತ್ತಿತ್ತು. ಅದು ಅರ್ಧ ಬೇಳೆ, ಯಾಕೆಂದರೆ ಹಸಿವಾದಾಗ ತಿನ್ನುತ್ತೇನೆ ಎಂದು ಅವಳ ವಾದ. ಆ ವಾದವನ್ನು ಅವಳಿಗೆ ಹೇಳಿಕೊಟ್ಟವಳು ಅವಳ ಅವ್ವ ಎಂದು ನನಗೆ ಗೊತ್ತಿತ್ತು.

ನನ್ನ ಹೆಂಡತಿಗೆ ಈ ಪಾಠ ಹಿಡಿಸಿರಲಿಲ್ಲ. ಬೈಯುತ್ತಿರಲಿಲ್ಲ, ನಗುತ್ತಿದ್ದಳು. ಒಮ್ಮೆ ಮಗಳು ಬಳೆ ಅಂಗಡಿಯ ಮುಂದೆ ತಾನಾಗಿಯೇ "ಹೊಟ್ಟು" ಎಂದು ಹೇಳಿ ಮುಂದೆ ನಡೆದಾಗ ನಾನು ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿದೆ. ಅವಳು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಹೇಳಿದಳು: "ಹೊಟ್ಟು ತಿಂದೇ ಎಮ್ಮಿ ಹಾಲು ಕೊಡ್ತದರಿ. ಬ್ಯಾಳಿ ತಿಂದವರು ಏನ್ ಕೊಟ್ಟಾರ?"

ಮಿಲ್ಲಿನ ಹೊಟ್ಟನ್ನು ಎಮ್ಮೆ ಸಾಕಿದವರು ಚೀಲಗಟ್ಟಲೆ ಒಯ್ಯುವುದನ್ನು ದಿನಾ ನೋಡುತ್ತಿದ್ದವನು ನಾನೇ.

ಪಾಠ ಕೆಟ್ಟದ್ದೆಂದು ಇವತ್ತಿಗೂ ನಾನು ಹೇಳುವುದಿಲ್ಲ. ಕಲಿಸಿದ ರೀತಿಯಲ್ಲಿ ಏನೋ ತಪ್ಪಿತ್ತು.

ಹೋದ ವರ್ಷ ಚಳಿಗಾಲದಲ್ಲಿ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಅಕ್ಕನ ಊರು ಹತ್ತಿರ, ಊಟ ತರಲು ಅನುಕೂಲ ಎಂದು ಜಹೀರಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ನಾನು, ಮಗಳು ಇಬ್ಬರೇ ಅವಳ ಹತ್ತಿರ ಇದ್ದೆವು. ಆಸ್ಪತ್ರೆ ಗೇಟಿನ ಹೊರಗೆ ಒಬ್ಬಳು ಮುದುಕಿ ಹೂವು ಮಾರುತ್ತಿದ್ದಳು. ಕಿಟಕಿಯಿಂದ ಅವಳ ಬುಟ್ಟಿ ಕಾಣುತ್ತಿತ್ತು. ಹೆಂಡತಿ ಒಂದು ಮೊಳ ಕನಕಾಂಬರ ತರಲು ಹೇಳಿದಳು. ದವಾಖಾನೆಯಲ್ಲಿ ಮಲಗಿದವಳಿಗೆ ಹೂವು ಯಾಕೆ, ಮನೆಗೆ ಹೋಗುವಾಗ ತಗೊಳ್ಳೋಣ ಎಂದೆ. ಅದು ಅಲ್ಲಿಗೇ ನಿಂತಿದ್ದರೆ ಮಾತು ಮರೆತುಹೋಗುತ್ತಿತ್ತೇನೋ. ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮಗಳು, "ಅದು ಹೊಟ್ಟು ಅವ್ವಾ" ಎಂದಳು.

ಹೆಂಡತಿ ನಕ್ಕಳು. ನನ್ನ ಕಡೆ ನೋಡಿ ನಕ್ಕಳು. ಸೂಜಿ ಚುಚ್ಚಿದ್ದ ಕೈಯಿಂದಲೇ ಮಗಳ ಗಲ್ಲ ಸವರಿದಳು. ನಾನು ಹೂವು ತರಲಿಲ್ಲ.

ಐದು ದಿನದ ಮೇಲೆ ಅವಳು ಹೋದಳು. ಯಾಲಾಲ್ ಕಡೆಯ ನನ್ನ ಹುಟ್ಟೂರಿಗೆ ಒಯ್ದೆವು. ಗಂಡ ಬದುಕಿರುವಾಗ ಹೋದ ಹೆಂಗಸಿಗೆ ನಮ್ಮಲ್ಲಿ ಹೇಗೆ ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅರಿಶಿನ ಹಚ್ಚಿ ಮೀಯಿಸಿದರು, ಹಸಿರು ಬಳೆ ತೊಡಿಸಿದರು, ಹೊಸ ಸೀರೆ ಉಡಿಸಿದರು. ಹೂವಿನ ಎರಡು ಬುಟ್ಟಿ ಬಂದವು. ಸಾಲದೆಂದು ಯಾರೋ ಗಾಡಿ ಹೊಡೆದುಕೊಂಡು ತಾಂಡೂರಿಗೆ ಹೋಗಿ ಇನ್ನೊಂದು ಬುಟ್ಟಿ ತಂದರು. ಮುಖ ಒಂದು ಬಿಟ್ಟು ಬೇರೇನೂ ಕಾಣದ ಹಾಗೆ ಹೂವು ಹಾಕಿದರು. ಅವಳಿಗೆ ಅದು ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಮಗಳು ನನ್ನ ಅಕ್ಕನ ಸೀರೆ ಹಿಡಿದು ನಿಂತು ನೋಡುತ್ತಿದ್ದಳು. ಅವಳು ಅವ್ವನ ಮುಖ ನೋಡುತ್ತಿಲ್ಲ, ಹೂವು ನೋಡುತ್ತಿದ್ದಾಳೆ ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದಾದ ಮೇಲೆ ಅವಳು ಏನನ್ನೂ ಕೇಳಲಿಲ್ಲ.

ಮೊದಮೊದಲು ನನಗೆ ಇದು ತಿಳಿಯಲೇ ಇಲ್ಲ, ತಿಳಿದ ಮೇಲೆ ಸಮಾಧಾನವಾಯಿತು. ನಿಜ ಹೇಳುತ್ತೇನೆ, ಸಮಾಧಾನವಾಯಿತು. ಮಿಲ್ಲು, ಅಡುಗೆ, ಶಾಲೆ ಎಲ್ಲ ಒಬ್ಬನೇ ನೋಡುವವನಿಗೆ ಹಟ ಮಾಡದ ಮಗು ದೊಡ್ಡ ಉಪಕಾರ. ಬಡಿಸಿದ್ದನ್ನು ತಿನ್ನುತ್ತಿದ್ದಳು. ಬಜಾರಿನಲ್ಲಿ ನನ್ನ ಕೈ ಹಿಡಿದು ನೇರ ಮುಂದೆ ನೋಡಿಕೊಂಡು ನಡೆಯುತ್ತಿದ್ದಳು. ಕಂಡವರೆಲ್ಲ ಹೊಗಳಿದರು. ತಿಂಗಳಿಗೆರಡು ಸಲ ಬಂದು ಮನೆ ಒರೆಸಿ, ಪುಡಿ ಕುಟ್ಟಿಟ್ಟು ಹೋಗುವ ಅಕ್ಕ ಎಲ್ಲರಿಗಿಂತ ಹೆಚ್ಚು ಹೊಗಳಿದಳು. "ಎಷ್ಟ ಶ್ಯಾಣೇ ಅದ ನೋಡು ಕೂಸು. ತಾಯಿ ಇಲ್ಲದ ಮಕ್ಕಳು ಹಿಂಗೇ ಇರಬೇಕು, ತಮ್ಮಾ."

ಆ ಮಾತಿಗೆ ನಾನು ತಲೆಯಾಡಿಸಿದ್ದು ನೆನಪಿದೆ.

ಶಾಲೆ ಶುರುವಾಗಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಮಗಳು ಓಣಿಯ ತಿರುವಿನಿಂದ ಬರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಿಮ್ಮಡಿ ನೆಲಕ್ಕೆ ತಾಗಿಸದೆ, ಪಾದದ ಹೊರಗಿನ ಅಂಚಿನ ಮೇಲೆ ನಡೆಯುತ್ತಿದ್ದಳು. ಏನೋ ಆಟ ಎಂದುಕೊಂಡೆ. ನಲ್ಲಿಯ ಹತ್ತಿರ ಕಾಲು ತೊಳೆಯುವಾಗ ನೀರು ಬಿದ್ದ ಕೂಡಲೇ ಕಾಲು ಹಿಂದೆ ಎಳೆದುಕೊಂಡಳು. ಹಿಡಿದು ನೋಡಿದೆ. ಎರಡೂ ಹಿಮ್ಮಡಿಯ ಚರ್ಮ ಎದ್ದುಹೋಗಿತ್ತು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಹಿಂದಿನ ವರ್ಷದ ಬೂಟು; ಒಳಗೆ ಕೈ ಹಾಕಿದರೆ ನನ್ನ ನಾಲ್ಕು ಬೆರಳೂ ಹೋಗಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಡ್ಯಾಕ ಬರ್ತದಲ್ಲ ಅಪ್ಪಾ."

"ಬೂಟು ಬ್ಯಾಳಿ ಅಲ್ಲೇನು ಬೇಟಾ?"

ನಾನು ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅವಳು ನನ್ನ ಕೈ ಕಡೆ ನೋಡುತ್ತಲೇ ಹೇಳಿದಳು: "ನಂಗ ಗೊತ್ತಾಗಲ್ಲ. ಅವ್ವಗ ಹೂವು ಹೊಟ್ಟು ಅಂದೆ ನಾನು. ಆಮ್ಯಾಗ ಎಲ್ಲಾರೂ ಅಷ್ಟ ಹೂವು ತಂದ್ರು."

ಅಂದವಳು ನೀನಲ್ಲ, ಅಂದವನು ನಾನು ಎಂದೆ. ನೀನು ನನ್ನ ಮಾತನ್ನು ನನಗಿಂತ ಮೊದಲು ಹೇಳಿದೆ ಅಷ್ಟೇ ಎಂದೆ. ಅದು ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಆರು ವರ್ಷದ ಮಗುವಿನ ಒಳಗೆ ಐದು ತಿಂಗಳಿಂದ ಇಂಥದ್ದೊಂದು ಕೂತಿದೆ, ನಾನು ಅದನ್ನು ಶ್ಯಾಣೇತನ ಎಂದು ಹೊಗಳಿಸಿಕೊಂಡಿದ್ದೇನೆ. ಬೇಡದ್ದನ್ನು ಕೇಳಬಾರದು ಎಂದು ಕಲಿಸಹೋದವನು ನೋವಾದರೂ ಹೇಳಬಾರದು ಎಂದು ಕಲಿಸಿದ್ದೆ. ಮಿಲ್ಲಿನಲ್ಲಿ ಜರಡಿಯ ತೂತು ಕಟ್ಟಿಕೊಂಡರೆ ಬೇಳೆಯೂ ಹೊಟ್ಟಿನ ಜೊತೆಗೇ ಆಚೆ ಹೋಗುತ್ತದೆ. ಹದಿಮೂರು ವರ್ಷ ನೋಡಿದ್ದೇನೆ. ಮನೆಯಲ್ಲಿ ಕಾಣಲಿಲ್ಲ.

ಮರುದಿನವೇ ಬೂಟು ತಂದೆ. ಬೂಟು ಸುಲಭದ ಕೆಲಸ. ಅವಳು ಮತ್ತೆ ಬಾಯಿಬಿಟ್ಟು ಏನಾದರೂ ಬೇಕು ಎನ್ನುವ ಹಾಗೆ ಮಾಡುವುದು ನನ್ನಿಂದ ಆಗಲಿಲ್ಲ. ಬಜಾರಿಗೆ ಕರೆದುಕೊಂಡು ಹೋಗಿ, ಇವತ್ತು ಏನು ಬೇಕಾದರೂ ಕೇಳು, ಬೇಳೆ ಹೊಟ್ಟು ಏನೂ ಇಲ್ಲ ಎಂದೆ. ಅಂಗಡಿ ಸಾಲಿನ ನಡುವೆ ನಿಂತು ನನ್ನ ಮುಖ ನೋಡಿದಳು. "ನೀನೇ ಹೇಳಪ್ಪ, ಯಾವುದು ಬೇಕಂತ." ಒಂದು ಗೊಂಬೆ ಕೊಡಿಸಿದೆ. ಮನೆಗೆ ತಂದು, ಪ್ಲಾಸ್ಟಿಕ್ ಕವರು ಬಿಚ್ಚದೆ ಗೂಡಿನಲ್ಲಿ ಇಟ್ಟಳು. ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದಳು.

ಅಕ್ಕನಿಗೆ ಈ ಗೊಂಬೆಯ ಸಂಗತಿ ತಿಳಿದು ನನ್ನ ಮೇಲೆ ಸಿಟ್ಟು ಬಂತು. ಹಟವಿಲ್ಲದ ಮಗುವಿಗೆ ನೀನೇ ಹಟ ಕಲಿಸುತ್ತಿದ್ದೀಯಾ, ನಾಳೆ ಗಂಡನ ಮನೆಯಲ್ಲಿ ಬೈಸಿಕೊಳ್ಳುವವಳು ಅವಳು ಎಂದಳು. ಆರು ವರ್ಷದವಳ ಮುಂದೆ ಗಂಡನ ಮನೆಯನ್ನು ತಂದು ನಿಲ್ಲಿಸಿದ್ದು ನನಗೆ ಸೇರಲಿಲ್ಲ. ಹೇಳಲಿಲ್ಲ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು.

ದೀಪಾವಳಿ ಬಂತು. ಹಬ್ಬದ ಬೆಳಿಗ್ಗೆ ಅಕ್ಕ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಸ್ಸಿಳಿದಳು. ಪದ್ಧತಿಯಂತೆ ಎದುರುಮನೆಯಿಂದ ಒಂದು ತಾಟು, ಪಕ್ಕದ ಮನೆಯಿಂದ ಒಂದು ತಾಟು ಬಂದವು. ಒಂದರಲ್ಲಿ ಕರ್ಜಿಕಾಯಿ ಇದ್ದವು. ಮಗಳು ಒಂದನ್ನು ಎತ್ತಿಕೊಂಡಳು. ತಿನ್ನಲಿಲ್ಲ. ಅದರ ಅಂಚಿನ ಮೇಲೆ ಬೆರಳು ಆಡಿಸಿದಳು.

"ಇದಕ ಗಾಲಿ ಹೊಡ್ದಿಲ್ಲ."

ಕರ್ಜಿಕಾಯಿಯ ಅಂಚನ್ನು ಕೆಲವರು ಬೆರಳಲ್ಲಿ ಮಡಚುತ್ತಾರೆ. ನನ್ನ ಹೆಂಡತಿ ಹಲ್ಲಿರುವ ಪುಟ್ಟ ಹಿತ್ತಾಳೆಯ ಗಾಲಿ ಉರುಳಿಸಿ ಕತ್ತರಿಸುತ್ತಿದ್ದಳು. ಮಗಳು ಮೂರು ವರ್ಷದವಳಿದ್ದಾಗಿನಿಂದ ಆ ಗಾಲಿಯ ಕೆಲಸ ಮಗಳದ್ದು.

ಕರ್ಜಿಕಾಯಿಯನ್ನು ತಾಟಿಗೆ ವಾಪಸು ಇಟ್ಟು, ನನ್ನ ಕಡೆ ನೋಡದೆ ಹೇಳಿದಳು: "ಅಪ್ಪಾ, ನಾ ಗಾಲಿ ಹೊಡೀತೀನಿ."

ಎಂಟು ತಿಂಗಳಲ್ಲಿ ಇದು ಮೊದಲನೆಯದು. ಹೊಡಿ ಎಂದೆ. ಎದ್ದು ನಿಂತು, ಮೈದಾ ಎಲ್ಲಿದೆ ಎಂದು ಹುಡುಕತೊಡಗಿದೆ.

ಅಕ್ಕ ಒಳ್ಳೆಯ ಮಾತಿನಲ್ಲೇ ತಡೆದಳು. ಮನೆಯಲ್ಲಿ ಇಷ್ಟೊಂದು ಬಂದಿವೆ, ತಿನ್ನುವವರು ಇಬ್ಬರು. ಗಾಲಿ ಹೊಡೆಯುವ ಆಸೆ ಇದ್ದರೆ ಪಕ್ಕದ ಮನೆಗೆ ಕಳಿಸೋಣ, ಅವರಿನ್ನೂ ಮಾಡುತ್ತಿದ್ದಾರೆ. ಇಲ್ಲವೇ ಚಪಾತಿ ಹಿಟ್ಟು ಕೊಡು, ಆಡಲಿ. ಎಲ್ಲವೂ ಸರಿಯಾದ ಮಾತೇ. ಆದರೆ ಹಿಟ್ಟು ಕತ್ತರಿಸಿ ಬಿಸಾಡುವ ಆಟ ಬೇರೆ, ಕರಿದು ತಿನ್ನುವುದು ಬೇರೆ ಎಂಬುದು ಆರು ವರ್ಷದವಳಿಗೆ ತಿಳಿಯುವುದಿಲ್ಲವೇ? ಕೇಳಿದ್ದೊಂದು, ಕೊಟ್ಟದ್ದು ಅದರ ಹಾಗೆ ಕಾಣುವ ಇನ್ನೊಂದು ಎಂದಾದರೆ ಅವಳು ಮತ್ತೆ ಬಾಯಿ ಮುಚ್ಚುತ್ತಿದ್ದಳು. ಅದನ್ನು ಇನ್ನೊಮ್ಮೆ ತೆರೆಸಲು ನನ್ನಿಂದ ಆಗುತ್ತಿರಲಿಲ್ಲ.

ನಾನು ಅಟ್ಟದ ಮೇಲೆ ಮಗುಚಿಟ್ಟಿದ್ದ ಬಾಣಲೆ ಇಳಿಸಿದಾಗ ಅಕ್ಕನ ದನಿ ಬದಲಾಯಿತು. "ವರ್ಷ ತುಂಬಿಲ್ಲ ತಮ್ಮಾ. ಇದು ಜರೂರ ಅದ ಏನು ಈಗ?"

ನಾನು ಇಷ್ಟು ವರ್ಷ ಮಗಳಿಗೆ ಕೇಳಿದ ಪ್ರಶ್ನೆಯೇ ಅದು.

"ಜರೂರ ಇಲ್ಲ ಅಕ್ಕಾ," ಎಂದೆ. "ಅದಕ್ಕೇ ಮಾಡಾಕತ್ತೀನಿ."

ಅಕ್ಕ ಎದ್ದು ಹೊಸ್ತಿಲ ಆಚೆ ಹೋಗಿ ಓಣಿಯ ಕಡೆ ಮುಖ ಮಾಡಿ ಕೂತಳು. ನಾನು ಹಿಟ್ಟು ಕಲಸಿದೆ. ಪುಠಾಣಿ, ಬೆಲ್ಲ, ಕೊಬ್ಬರಿ ಕುಟ್ಟಿ ಹೂರಣ ಮಾಡಿದೆ. ನನಗೆ ಈ ಕೆಲಸ ಬರುವುದಿಲ್ಲ. ನೋಡಿದ್ದೇನೆ ಅಷ್ಟೇ. ಹೊಸ್ತಿಲಿನಿಂದ ದನಿ ಬಂತು, ಹಿಟ್ಟಿಗೆ ರವೆ ಹಾಕಿದ್ದೀಯಾ ಇಲ್ಲವಾ ಎಂದು. ಹಾಕಿರಲಿಲ್ಲ. ಹಾಕಿದೆ. ಸ್ವಲ್ಪ ಹೊತ್ತಿಗೆ ಮತ್ತೆ ದನಿ: "ನಾ ಏನೂ ಹೇಳಾಕತ್ತಿಲ್ಲ. ಎಣ್ಣಿ ಭಾಳ ಕಾದದ, ಅಷ್ಟ." ಉರಿ ಸಣ್ಣ ಮಾಡಿದೆ. ಅಕ್ಕ ಒಮ್ಮೆಯೂ ತಿರುಗಿ ನೋಡಲಿಲ್ಲ. ಬೆನ್ನು ನಮ್ಮ ಕಡೆಗಿದ್ದರೂ ಮೂಗು ಒಲೆಯ ಮೇಲೇ ಇತ್ತು.

ಮಗಳು ಗಾಲಿ ಹಿಡಿದು ಮಣೆಯ ಮುಂದೆ ಕೂತಳು. ಕೈ ಮರೆತಿತ್ತು. ಮೊದಲನೆಯದರಲ್ಲಿ ಅಂಚು ಬಿಟ್ಟು ಹೊಟ್ಟೆಯನ್ನೇ ಕತ್ತರಿಸಿ ಹೂರಣ ಹೊರಬಂತು. ಎರಡನೆಯದೂ ಹಾಗೇ. ನಾನು ಹಾಗೇ ಎಣ್ಣೆಗೆ ಬಿಟ್ಟೆ. ಬಾಯಿಬಿಟ್ಟು ಬೆಲ್ಲವೆಲ್ಲ ಎಣ್ಣೆಯಲ್ಲಿ ಕಪ್ಪಾಯಿತು. ಅವಳು ಗಾಲಿಯನ್ನು ಕಣ್ಣ ಹತ್ತಿರ ಹಿಡಿದು, ಸುತ್ತಿಸಿ ನೋಡಿ, ಮತ್ತೆ ಶುರುಮಾಡಿದಳು. ಆರನೆಯದಕ್ಕೆ ಅಂಚು ನೆಟ್ಟಗಾಯಿತು. ಹಿಟ್ಟು ಮುಗಿದ ಮೇಲೆ ಉಳಿದ ಚೂರುಗಳನ್ನೆಲ್ಲ ಸೇರಿಸಿ ಲಟ್ಟಿಸಿಕೊಡು ಎಂದಳು. ಕೊಟ್ಟೆ. ಅವನ್ನೂ ಉದ್ದುದ್ದ ಕತ್ತರಿಸಿದಳು. ಮುಖದ ತುಂಬ ಮೈದಾ. ಇನ್ನೊಂದು ಸಲ, ಅಪ್ಪಾ, ಇನ್ನೊಂದು ಸಲ ಎನ್ನುತ್ತಲೇ ಇದ್ದಳು. ಆ ಮಾತು ಕಿವಿಗೆ ಬೀಳುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಎಣ್ಣೆಯ ಹೊಗೆಗೆ ಎಂದೇ ಮಗಳು ತಿಳಿದಿರಬೇಕು.

ವಾಸನೆಗೆ ಎದುರುಮನೆಯಾಕೆ ಬಂದು, ಬಾಗಿಲಲ್ಲಿ ನಿಂತು, ಒಳಗೆ ಇಣುಕಿ ನೋಡಿ ಹೋದಳು. ಅಕ್ಕ ಕರಿದದ್ದನ್ನು ಮುಟ್ಟಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಮಗಳ ಮುಖದ ಮೈದಾವನ್ನು ಸೆರಗಿನಿಂದ ಒರೆಸಿ, ನನ್ನ ಜೊತೆ ಮಾತಾಡದೆ ಹೋದಳು.

ಮೂರು ದಿನದಲ್ಲಿ ಸುದ್ದಿ ನಾರಾಯಣಖೇಡ ಮುಟ್ಟಿತು. ಅತ್ತೆ ಫೋನು ಮಾಡಿದರು. ಮಗಳನ್ನು ಕಳೆದುಕೊಂಡ ತಾಯಿ ಅವರು. ಅವರ ದನಿ ಕೇಳಿದಾಗಲೆಲ್ಲ ನಾನು ಕೂತಿದ್ದರೆ ಎದ್ದು ನಿಲ್ಲುತ್ತೇನೆ.

"ನಿಮ್ಮನ್ಯಾಗ ಎಣ್ಣಿ ಕಾಯ್ತಂತಲ್ಲ ಅಳಿಯಾ."

"ಹೌದ್ರಿ ಅತ್ತಿ. ನಾನೇ ಕರದೀನಿ."

"ವರ್ಷ ತುಂಬೂತನಕ ತಡ್ಯಾಕ ಆಗಲಿಲ್ಲ ಏನು?"

"ನಂಗ ಆಗತಿತ್ತರಿ. ಕೂಸಿಗಿ ಆಗತಿರಲಿಲ್ಲ."

ಅವರು ಫೋನು ಇಟ್ಟರು. ಅದಾದ ಮೇಲೆ ಮಾಡಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಅವರ ದುಃಖದ ಜೊತೆ ನನಗೆ ಜಗಳವಿಲ್ಲ. ಅವರು ವರ್ಷವಿಡೀ ಕರಿದದ್ದು ಮಾಡದೆ, ತಿನ್ನದೆ ಇರುವುದು ಮಗಳ ಮೇಲಿನ ಜೀವದಿಂದ. ಆ ಜೀವಕ್ಕೆ ನಾನು ತಲೆಬಾಗುತ್ತೇನೆ. ಆದರೆ ನಮ್ಮ ದುಃಖ ಎಷ್ಟಿದೆ ಎಂದು ತೋರಿಸಲು ಆರು ವರ್ಷದವಳ ಆಸೆಯನ್ನು ಅಟ್ಟದ ಮೇಲೆ ಮಗುಚಿ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ಹೋದವಳಿಗೆ ಸಿಟ್ಟು ಬರುತ್ತದೆ ಎಂದು ಓಣಿಯ ಜನ ಹೇಳುತ್ತಾರಂತೆ. ಅವಳನ್ನು ಅವರಿಗಿಂತ ನಾನು ಬಲ್ಲೆ. ಹೂವಿನ ವಿಷಯಕ್ಕೆ ನನ್ನ ಮೇಲೆ ಸಿಟ್ಟಾಗುವ ಹಕ್ಕು ಅವಳಿಗಿದೆ. ಕರ್ಜಿಕಾಯಿಗೆ ಅವಳು ಸಿಟ್ಟಾಗುವವಳಲ್ಲ. ವರ್ಷಾಂತಕ್ಕೆ ಅತ್ತೆಯ ಊರಿಗೆ ಹೋಗುತ್ತೇನೆ, ಕರೆದರೂ ಕರೆಯದಿದ್ದರೂ. ಬೈಯಲಿ. ತಪ್ಪಾಯಿತು ಎನ್ನುವ ಮಾತು ಮಾತ್ರ ನನ್ನ ಬಾಯಿಂದ ಬರುವುದಿಲ್ಲ.

ಅಕ್ಕ ಎರಡು ತಿಂಗಳು ಬಿಟ್ಟು ತಾನೇ ಫೋನು ಮಾಡಿ, ಕೂಸನ್ನು ಕರೆದುಕೊಂಡು ಬಾ ಎಂದಳು. ಝರಾಸಂಗಂಗೆ ಹೋಗಿ ಎರಡು ದಿನ ಇದ್ದು, ಜಹೀರಾಬಾದಿಗೆ ಬಂದು ತಾಂಡೂರಿನ ಬಸ್ಸಿನಲ್ಲಿ ಕೂತಿದ್ದೆವು. ಬಸ್ಸು ಬಿಡಲು ಇನ್ನೂ ಹೊತ್ತಿತ್ತು. ಒಬ್ಬ ಮುದುಕ ರಟ್ಟಿಗೆ ಬಣ್ಣಬಣ್ಣದ ಕನ್ನಡಕ ಸಿಕ್ಕಿಸಿಕೊಂಡು ಬಸ್ಸು ಹತ್ತಿದ. ಮಗಳಿಗೆ ನೀಲಿಯದು ಬೇಕಾಯಿತು. ಬೇಡ ಎಂದೆ. ಅಕ್ಕ ಕೊಡಿಸಿದ ಬಲೂನು ಕೈಯಲ್ಲೇ ಇದೆ, ನಿನ್ನೆ ಪೀಪಿ ಕೊಂಡಿದ್ದೇವೆ, ಇದು ಬೇಕಾದದ್ದೇನಲ್ಲ, ಸುಮ್ಮನೆ ಆಸೆ, ಇವತ್ತಿಗೆ ಇಲ್ಲ ಎಂದೆ.

"ಆಸೀನೇ, ನಂಗ ಗೊತ್ತದ. ಆದ್ರೂ ಬೇಕು."

ಕೊಡಿಸಲಿಲ್ಲ. ಅವಳು ಅತ್ತಳು. ಬರೀ ಕಣ್ಣೀರಲ್ಲ, ಬಾಯಿ ತೆರೆದು, ಮುಂದಿನ ಸೀಟಿಗೆ ಕಾಲಿನಿಂದ ಒದೆಯುತ್ತ, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಅತ್ತಳು. ಮುಂದಿನ ಸೀಟಿನ ಹೆಂಗಸು ತಿರುಗಿ, ಎಷ್ಟು ಹಟ ಕಲಿಸಿದ್ದೀರಿ ಎಂದಳು. ಬಹಳ ಕಷ್ಟಪಟ್ಟು ಕಲಿಸಿದ್ದೇನೆ ಎಂದೆ. ಅವಳಿಗೆ ನಾನು ತಮಾಷೆ ಮಾಡಿದೆ ಅನಿಸಿರಬೇಕು, ಮುಖ ತಿರುಗಿಸಿದಳು. ಕನ್ನಡಕದ ಮುದುಕ ಇಳಿಯುವ ಮೊದಲು ಇನ್ನೊಮ್ಮೆ ನೀಲಿಯದನ್ನು ನಮ್ಮ ಮುಂದೆ ಆಡಿಸಿ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಮಗಳ ಅಳು ಇನ್ನೊಂದು ಮೆಟ್ಟಿಲು ಏರಿತು. ನನಗೆ ನಾಚಿಕೆಯಾಗಲಿಲ್ಲ. ಕೇಳುವುದಕ್ಕೆ ಅವಳು ಹೆದರಲಿಲ್ಲ, ಇಲ್ಲ ಎನ್ನುವುದಕ್ಕೆ ನಾನು ಹೆದರಲಿಲ್ಲ. ಮೊದಲೇ ಹೀಗೆ ಕಲಿಸಬೇಕಿತ್ತು.

ಡ್ರೈವರು ಹತ್ತಿ ಕೂತು ಬಸ್ಸು ಶುರು ಮಾಡಿದಾಗ ಅಳು ಬಿಕ್ಕಳಿಕೆಗೆ ಇಳಿದಿತ್ತು. ಬಸ್ಸು ಸ್ಟ್ಯಾಂಡಿನ ಗೇಟು ದಾಟುವಷ್ಟರಲ್ಲಿ ಅವಳು ಇನ್ನೂ ಎರಡು ಕೇಳಿದಳು. ಕಿಟಕಿಯ ಸೀಟು ಕೊಟ್ಟೆ. ಮೊಬೈಲು ಕೊಡಲಿಲ್ಲ.